ವಿಲೇಜ್ ವ್ಯಾನ್‌ಗಾರ್ಡ್ ಟಿಕೆಟ್‌ನಲ್ಲಿ ಸೀಟ್ ನಂಬರ್ ಇಲ್ಲ ಅಂದಿದ್ದಕ್ಕೆ

ಟಿಕೆಟ್‌ನಲ್ಲಿ ಸೀಟ್ ನಂಬರ್ ಇಲ್ಲ, ನಕಲಿ ಇರಬಹುದೇ ಅಂತ ಕೇಳಿದ್ದೀರಿ. ನಕಲಿ ಆಗಿರಲಿಕ್ಕಿಲ್ಲ. ನ್ಯೂಯಾರ್ಕಿನ ಆ ಜಾಝ್ ಸಂಗೀತದ ಕ್ಲಬ್‌ನಲ್ಲಿ ಸೀಟ್ ನಂಬರೇ ಇರುವುದಿಲ್ಲ, ಮೊದಲು ಬಂದವರಿಗೆ ಮುಂದಿನ ಜಾಗ, ಅಷ್ಟೇ. ಆದರೂ ಬೇರೆಯವರಿಂದ ಕೊಂಡಿದ್ದರೆ ಒಮ್ಮೆ ಕ್ಲಬ್‌ಗೇ ಕೇಳಿಬಿಡಿ.

ಮೊದಲು ಟಿಕೆಟ್‌ನ ಇಮೇಲ್‌ನಲ್ಲಿ ನಿಮ್ಮದು ಎಷ್ಟು ಗಂಟೆಯ ಸೆಟ್ (ಅಂದರೆ ಆ ರಾತ್ರಿಯ ಯಾವ ಕಛೇರಿ) ಅಂತ ನೋಡಿಕೊಳ್ಳಿ. ಒಂದು ಟಿಕೆಟ್ ಒಂದೇ ಸೆಟ್‌ಗೆ. ಬಾಗಿಲು ತೆರೆಯುವ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಕ್ಲಬ್ ಇರುವ ಸೆವೆಂತ್ ಅವೆನ್ಯೂ ರಸ್ತೆಯಲ್ಲಿ ಸಾಲು ಹಿಡಿಯಿರಿ, ಜಾಝ್ ಗಾಯಕಿ ಸೀಸಿಲ್ ಮೆಕ್‌ಲೋರಿನ್ ಸಾಲ್ವಂಟ್ ಹಾಡುವ ದಿನ ಇನ್ನೂ ಬೇಗ ಹೋದರೆ ಒಳ್ಳೆಯದು, ಯಾಕಂದ್ರೆ ಅದು ನೂರಿಪ್ಪತ್ತು ಚಿಲ್ಲರೆ ಜನ ಹಿಡಿಸುವ ಪುಟ್ಟ ನೆಲಮಾಳಿಗೆ. ಊಟ ಮುಗಿಸಿಕೊಂಡೇ ಹೋಗಿ, ಒಳಗೆ ಕುಡಿಯಲು ಮಾತ್ರ ಸಿಗುತ್ತದೆ. ಒಬ್ಬೊಬ್ಬರೂ ಒಂದು ಡ್ರಿಂಕ್ ತಗೋಬೇಕು, ಅದರ ದುಡ್ಡು ಬೇರೆ.

ಕೋಣೆ ತ್ರಿಕೋನಾಕಾರದ್ದು, ಚೂಪಾದ ತುದಿಯಲ್ಲಿ ವೇದಿಕೆ. ಹಾಡುವವರ ಮುಖ ಕಾಣಬೇಕಾದರೆ ನಡುವಿನ ಮೇಜುಗಳನ್ನೇ ಕೇಳಿ. ಹಿಂದೆ ಸಿಕ್ಕಿದರೂ ಬೇಜಾರಾಗಬೇಡಿ. ಆ ಕೋಣೆಯಲ್ಲಿ ದನಿ ತುಂಬಾ ಚೆನ್ನಾಗಿ ಕೇಳುತ್ತದೆ, ಸಾಲ್ವಂಟ್ ಅವರ 2017ರ ಲೈವ್ ಆಲ್ಬಮ್‌ನ ಬಹುಪಾಲು ರೆಕಾರ್ಡ್ ಆಗಿದ್ದೂ ಅಲ್ಲೇ ಅಲ್ವಾ! ಹಾಡು ಶುರುವಾದ ಮೇಲೆ ಫೋನ್ ಜೇಬಿನಲ್ಲೇ ಇರಲಿ, ಅಲ್ಲಿ ಫೋಟೊ, ರೆಕಾರ್ಡಿಂಗ್ ಎರಡಕ್ಕೂ ಬಿಡುವುದಿಲ್ಲ.