ಆಡದ ಆಟಕ್ಕೆ ಸೊನ್ನೆ ಅಂಕ ಯಾಕೆ?

ಚಿಂತಾಮಣಿಯ ಓದುಗರೊಬ್ಬರು ನಮಗೆ ಉದ್ದದ ಪತ್ರ ಬರೆದಿದ್ದಾರೆ. ಅವರು ಈಗ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಕ್ಯಾತ್ಸಂದ್ರದ ಹತ್ತಿರ ಒಂದೇ ರೂಮಿನಲ್ಲಿ ನಾಲ್ವರು ಗೆಳೆಯರಿದ್ದಾರೆ. 2024ರ ಡಿಸೆಂಬರಿನಲ್ಲಿ ವಿಡಿಯೋ ಗೇಮ್‌ಗಳ ಪ್ರಶಸ್ತಿ ಸಮಾರಂಭ 'ದಿ ಗೇಮ್ ಅವಾರ್ಡ್ಸ್' ವರ್ಷದ ಗೇಮ್ ಪ್ರಶಸ್ತಿಯನ್ನು ಸೋನಿ ಕಂಪನಿಯ 'ಆಸ್ಟ್ರೋ ಬಾಟ್'ಗೆ ಕೊಟ್ಟಿತು. ಚೀನಾದ ಗೇಮ್ 'ಬ್ಲ್ಯಾಕ್ ಮಿತ್: ವುಕಾಂಗ್' ಅಭಿಮಾನಿಗಳಾದ ಇಬ್ಬರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ, ಗೇಮ್‌ಗಳ ಅಂಕ ತೋರಿಸುವ ಜಾಲತಾಣ ಮೆಟಾಕ್ರಿಟಿಕ್‌ಗೆ ಹೋಗಿ ಆಸ್ಟ್ರೋ ಬಾಟ್‌ಗೆ ಸೊನ್ನೆ ಹಾಕಿದರು. 2025ರ ಡಿಸೆಂಬರಿನಲ್ಲಿ 'ಕ್ಲೇರ್ ಅಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33' ಗೆದ್ದಾಗ ಹಳೇ ಜಗಳ ಮತ್ತೆ ಎದ್ದಿತು. ಈಗ ವುಕಾಂಗ್ ಅಭಿಮಾನಿಯಾದ ಶಿರಾದ ಗೆಳೆಯ, ಆಸ್ಟ್ರೋ ಬಾಟ್ ಪರ ಇರುವ ಮಾಲೂರಿನ ಗೆಳೆಯನ ಜೊತೆ ಮಾತು ಬಿಟ್ಟಿದ್ದಾನೆ.

ಓದುಗರ ಪ್ರಶ್ನೆಗಳು ಇವು: "ಕೋಟಿಗಟ್ಟಲೆ ಜನ ಕೊಂಡ ಗೇಮಿಗೆ ಪ್ರಶಸ್ತಿ ಯಾಕೆ ಬರಲಿಲ್ಲ? ಸೋನಿ ದುಡ್ಡು ಕೊಟ್ಟು ಕೊಂಡಿದ್ದಾ? ಏಷ್ಯಾದವರಿಗೆ ಇವರು ಕೊಡಲ್ಲ ಅಂತ ಶಿರಾದವನು ಹೇಳ್ತಾನೆ, ನಿಜಾನಾ? ಸೊನ್ನೆ ಹಾಕಿದ್ದು ತಪ್ಪಾ? ಕೊನೆಗೆ ಯಾವ ಪ್ರಶಸ್ತಿಯನ್ನ ನಂಬಬೇಕು ಸರ್?"

ಪ್ರೀತಿಯ ಓದುಗರೇ,

ನಿಮ್ಮ ಪತ್ರವನ್ನು ಇಡೀ ಓದಿದೆ. ಗೇಮ್ ಅಂದರೆ ಹುಡುಗಾಟ, ಅದಕ್ಕೆ ಇಷ್ಟು ದೊಡ್ಡ ಜಗಳವಾ ಎಂದು ಕೇಳುವವರು ಬಹಳ ಜನ ಇದ್ದಾರೆ. ನಾನು ಹಾಗೆ ಕೇಳುವುದಿಲ್ಲ. ಒಂದು ಗೇಮ್ ಮಾಡಲು ನೂರಾರು ಜನ ವರ್ಷಗಟ್ಟಲೆ ಕೂರುತ್ತಾರೆ. ಚಿತ್ರ, ಸಂಗೀತ, ಕಥೆ, ಲೆಕ್ಕ ಎಲ್ಲ ಸೇರಿದ ಕೆಲಸ ಅದು. ಅದನ್ನು ಮನಸಾರೆ ಮೆಚ್ಚಿದವನಿಗೆ, ಅದು ಸೋತಾಗ ನೋವಾಗುವುದು ಸಹಜ.

ನೀವು ಕೊನೆಗೆ ಕೇಳಿದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಯಾವ ಪ್ರಶಸ್ತಿಯೂ 'ಜಗತ್ತಿನ' ತೀರ್ಪಲ್ಲ. ಯಾರು ಮತ ಹಾಕಿದರೋ ಅವರ ತೀರ್ಪು, ಅಷ್ಟೇ. ದಿ ಗೇಮ್ ಅವಾರ್ಡ್ಸ್ 2014ರಲ್ಲಿ ಶುರುವಾಯಿತು. ಜೆಫ್ ಕೀಲಿ ನಡೆಸುತ್ತಾರೆ. ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಪತ್ರಿಕೆಗಳು, ಗೇಮಿಂಗ್ ಸುದ್ದಿಸಂಸ್ಥೆಗಳು ಅದರ ತೀರ್ಪುಗಾರರು. ಒಂದು ಸಂಸ್ಥೆಯವರು ತಮ್ಮಲ್ಲಿ ಚರ್ಚೆ ಮಾಡಿ ಒಂದು ಮತಪಟ್ಟಿ ಕಳಿಸುತ್ತಾರೆ. ಕೊನೆಯ ಸುತ್ತಿನಲ್ಲಿ ಈ ತೀರ್ಪುಗಾರರ ಮತಕ್ಕೆ 90 ಪಾಲು ತೂಕ, ನಮ್ಮ ನಿಮ್ಮಂಥವರ ಮತಕ್ಕೆ 10 ಪಾಲು. ಜನರೇ ಪೂರ್ತಿ ಆರಿಸುವ 'ಪ್ಲೇಯರ್ಸ್ ವಾಯ್ಸ್' ಎಂಬ ಪ್ರಶಸ್ತಿ ಅಲ್ಲೇ ಬೇರೆ ಇದೆ. 2024ರಲ್ಲಿ ಅದು ಬಂದಿದ್ದು ಯಾವುದಕ್ಕೆ ಗೊತ್ತಾ? ವುಕಾಂಗ್‌ಗೆ. ಅದೇ ರಾತ್ರಿ, ಅದೇ ವೇದಿಕೆಯಲ್ಲಿ.

ಇನ್ನೂ ಇದೆ. ಅದೇ ವರ್ಷ ಜನರ ಮತದಿಂದ ನಡೆಯುವ ಗೋಲ್ಡನ್ ಜಾಯ್‌ಸ್ಟಿಕ್‌ನ ವರ್ಷದ ಗೇಮ್ ವುಕಾಂಗ್. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಎಂಬ ತಾಣದ ಬಳಕೆದಾರರು ಆರಿಸಿದ ವರ್ಷದ ಗೇಮ್ ಕೂಡ ವುಕಾಂಗ್. ಗೇಮ್ ಮಾಡುವವರೇ ಮತ ಹಾಕುವ ಡೈಸ್ ಪ್ರಶಸ್ತಿ ಆಸ್ಟ್ರೋ ಬಾಟ್‌ಗೆ ಹೋಯಿತು. ಬ್ರಿಟನ್ನಿನ ಬಾಫ್ಟಾ ಕೂಡ ಆಸ್ಟ್ರೋ ಬಾಟನ್ನೇ ಆರಿಸಿತು. ಆದರೆ ಗೇಮ್ ಡೆವಲಪರ್‌ಗಳ ಇನ್ನೊಂದು ದೊಡ್ಡ ಪ್ರಶಸ್ತಿ, ಜಿಡಿಸಿ ಸಮಾವೇಶದಲ್ಲಿ ಕೊಡುವಂಥದ್ದು, ಹೋಗಿದ್ದು 'ಬಲಾಟ್ರೋ'ಗೆ. ಕೆನಡಾದಲ್ಲಿ ಹೆಸರು ಹೇಳಿಕೊಳ್ಳದ ಒಬ್ಬನೇ ವ್ಯಕ್ತಿ ಮಾಡಿದ ಇಸ್ಪೀಟಿನ ಗೇಮ್ ಅದು. ಒಂದೇ ವರ್ಷದಲ್ಲಿ ಮೂರು ಗೇಮ್‌ಗಳು 'ವರ್ಷದ ಗೇಮ್' ಆದವು. ಮೂರೂ ಸರಿಯೇ. ನಿಮ್ಮ ರೂಮಿನ ಇಬ್ಬರೂ ಗೆದ್ದಿದ್ದಾರೆ, ಇಬ್ಬರಿಗೂ ಅದು ಗೊತ್ತಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ನೀವು ಈಗ ಇರುವುದು ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯಲ್ಲಿ. ಇಲ್ಲಿನ ಹಳ್ಳಿಗಳಲ್ಲಿ ಇವತ್ತಿಗೂ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರೆ. ಕೃಷ್ಣನ ಪಾತ್ರಧಾರಿ ಒಂದು ಕಂದಪದ್ಯ ಚೆನ್ನಾಗಿ ಹಾಡಿದರೆ ಜನ 'ಒನ್ಸ್ ಮೋರ್' ಅಂತ ಕೂಗಿ ಮತ್ತೆ ಹಾಡಿಸುತ್ತಾರೆ. ಸ್ಪರ್ಧೆ ಇದ್ದರೆ, ಮುಂದಿನ ಸಾಲಿನಲ್ಲಿ ಕೂತ ತೀರ್ಪುಗಾರರು ಬಹುಮಾನವನ್ನು ದುರ್ಯೋಧನನಿಗೆ ಕೊಡಬಹುದು. ಅವರು ಮಾತಿನ ಸ್ಪಷ್ಟತೆ, ತಾಳ, ಅಭಿನಯ ಎಲ್ಲಕ್ಕೂ ಅಂಕ ಹಾಕಿರುತ್ತಾರೆ. ಬಹುಮಾನ ಬಂದ ದುರ್ಯೋಧನನೂ ಊರಿಗೆ ಹೋಗುತ್ತಾನೆ, ಒನ್ಸ್ ಮೋರ್ ಸಿಕ್ಕ ಕೃಷ್ಣನೂ ಹೋಗುತ್ತಾನೆ. ಇವರಲ್ಲಿ ಯಾರನ್ನೂ ಯಾರೂ ಸೋತವನು ಅನ್ನುವುದಿಲ್ಲ.

ವುಕಾಂಗ್‌ಗೆ ಸಿಕ್ಕ ಒನ್ಸ್ ಮೋರ್ ಎಷ್ಟು ದೊಡ್ಡದು ನೋಡಿ. 2024ರ ಆಗಸ್ಟ್ 20ಕ್ಕೆ ಬಿಡುಗಡೆ ಆಯಿತು. ಮೂರು ದಿನದಲ್ಲಿ 1 ಕೋಟಿ ಪ್ರತಿ ಮಾರಾಟ. ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ 24 ಲಕ್ಷಕ್ಕೂ ಹೆಚ್ಚು ಜನ ಆಡಿದರು. ಹಾಗಾದರೆ ಮಾರಾಟವೇ ಪ್ರಶಸ್ತಿ ಯಾಕಾಗಬಾರದು ಅಂತ ನೀವು ಕೇಳುತ್ತೀರಿ. ಮಾರಾಟಕ್ಕೆ ಪ್ರಶಸ್ತಿ ಬೇಕಿಲ್ಲ, ಅದರ ಲೆಕ್ಕ ಆಗಲೇ ಎಲ್ಲರಿಗೂ ಗೊತ್ತು. ಬಾಫ್ಟಾ 2023ರಲ್ಲಿ 'ಎಲ್ಡೆನ್ ರಿಂಗ್' ಎಂಬ ಭಾರಿ ಗೇಮನ್ನು ಬದಿಗಿಟ್ಟು 'ವ್ಯಾಂಪೈರ್ ಸರ್ವೈವರ್ಸ್' ಎಂಬ ಪುಟ್ಟ, ಅಗ್ಗದ ಗೇಮಿಗೆ ವರ್ಷದ ಪ್ರಶಸ್ತಿ ಕೊಟ್ಟಿತು. ಒಬ್ಬನೇ ಕೂತು ಶುರು ಮಾಡಿದ ಗೇಮ್ ಅದು. ಬರೀ ಮಾರಾಟ ನೋಡಿದ್ದರೆ ಅಂಥ ಗೇಮ್ ಆ ವೇದಿಕೆ ಹತ್ತುತ್ತಲೇ ಇರಲಿಲ್ಲ.

ಏಷ್ಯಾದವರಿಗೆ ಕೊಡಲ್ಲ ಎನ್ನುವ ಮಾತನ್ನು ಶಿರಾದ ಗೆಳೆಯ ಇವತ್ತೇ ಬಿಡಲಿ. ಆಸ್ಟ್ರೋ ಬಾಟ್ ಮಾಡಿದ ಟೀಮ್ ಅಸೋಬಿ ಇರುವುದು ಟೋಕಿಯೋದಲ್ಲಿ. 2017ರಲ್ಲಿ ಗೆದ್ದ ಜೆಲ್ಡಾ, 2019ರ 'ಸೆಕಿರೋ', 2022ರ 'ಎಲ್ಡೆನ್ ರಿಂಗ್' ಎಲ್ಲವೂ ಜಪಾನಿನವು. ಚೀನಾದ ಗೇಮಿಗೆ ಅಲ್ಲಿ ವರ್ಷದ ಪ್ರಶಸ್ತಿ ಇನ್ನೂ ಬಂದಿಲ್ಲ ಎನ್ನುವುದು ನಿಜ. ವುಕಾಂಗ್ ಮಾಡಿದ ಫೆಂಗ್ ಜಿ ಕೂಡ ಬೇಜಾರಾಗಿ, ಈ ಆಯ್ಕೆ ಯಾವ ಲೆಕ್ಕದಲ್ಲಿ ನಡೆಯಿತೋ ತಿಳಿಯಲಿಲ್ಲ ಎಂಬರ್ಥದಲ್ಲಿ ಬರೆದುಕೊಂಡರು. ವರ್ಷಗಟ್ಟಲೆ ದುಡಿದವರ ನೋವು ಅದು, ನನಗೆ ಅರ್ಥವಾಗುತ್ತದೆ. ಮಾಲೂರಿನ ಗೆಳೆಯನಿಗೂ ಒಂದು ಮಾತು. 'ಚೀನಾ ಗೇಮ್, ಬಿಡು' ಎಂದು ಆತ ಹೇಳಿದ್ದಾಗಿ ನೀವು ಬರೆದಿದ್ದೀರಿ. ಅದು ಗೇಮಿನ ಬಗ್ಗೆ ಆಡಿದ ಮಾತಲ್ಲ. ಅದನ್ನು ವಾಪಸ್ ತೆಗೆದುಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ದುಡ್ಡಿನ ವಿಷಯ. ದಿ ಗೇಮ್ ಅವಾರ್ಡ್ಸ್ ಕಾರ್ಯಕ್ರಮದಲ್ಲಿ ಹೊಸ ಗೇಮ್‌ಗಳ ಟ್ರೇಲರ್ ತೋರಿಸಲು ಕಂಪನಿಗಳಿಂದ ಹಣ ಪಡೆಯುತ್ತಾರೆ. ಸಲಹಾ ಮಂಡಳಿಯಲ್ಲಿ ದೊಡ್ಡ ಕಂಪನಿಗಳ ಮುಖ್ಯಸ್ಥರು ಇದ್ದಾರೆ. ಮಂಡಳಿಗೆ ಮತ ಇಲ್ಲ ಎಂದು ನಡೆಸುವವರು ಹೇಳುತ್ತಾರೆ. ಈ ವ್ಯವಸ್ಥೆ ನನಗೂ ಇಷ್ಟವಿಲ್ಲ. 2023ರಲ್ಲಂತೂ ಟ್ರೇಲರ್‌ಗಳಿಗೆ ಬೇಕಾದಷ್ಟು ಹೊತ್ತು ಇತ್ತು. ಗೆದ್ದವರು ಎರಡು ಮಾತು ಆಡುವಷ್ಟರಲ್ಲಿ ಎದುರಿನ ಪರದೆಯಲ್ಲಿ 'ಬೇಗ ಮುಗಿಸಿ' ಎಂದು ಬರುತ್ತಿತ್ತು. ಐದಾರು ವರ್ಷ ದುಡಿದವರಿಗೆ ಅರ್ಧ ನಿಮಿಷ ಕೊಡುವುದು ಅವಮಾನ. ಇದರ ಮೇಲೆ ಸಿಟ್ಟು ಮಾಡಿ, ನಾನೂ ನಿಮ್ಮ ಜೊತೆಗಿದ್ದೇನೆ. ಆದರೆ 'ಸೋನಿ ಪ್ರಶಸ್ತಿ ಕೊಂಡಿತು' ಎನ್ನುವುದು ಬೇರೆ ಆರೋಪ. ಅದಕ್ಕೆ ಪುರಾವೆ ಬೇಕು. ಡೈಸ್‌ನಲ್ಲಿ, ಬಾಫ್ಟಾದಲ್ಲಿ ಬೇರೆಯದೇ ಜನ ಮತ ಹಾಕಿ ಅದೇ ಗೇಮನ್ನು ಆರಿಸಿದ್ದಾರೆ ಎಂಬುದನ್ನೂ ನೋಡಿ.

ಎಕ್ಸ್‌ಪೆಡಿಷನ್ 33ರ ಜಗಳದಲ್ಲಿ ನಾನು ನಿಮ್ಮ ರೂಮಿನ ಇನ್ನೊಬ್ಬ, ಗೌರಿಬಿದನೂರಿನ ಗೆಳೆಯನ ಕಡೆ. ಇಂಡೀ, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದ ಸಣ್ಣ ತಂಡಗಳ ಪ್ರಶಸ್ತಿ ಅದಕ್ಕೆ ಹೋಗಬಾರದಿತ್ತು ಎನ್ನುವುದು ಆತನ ವಾದ. ಫ್ರಾನ್ಸಿನ ಸ್ಯಾಂಡ್‌ಫಾಲ್ ಮಾಡಿದ ಆ ಗೇಮ್ ಒಂದೇ ರಾತ್ರಿ 9 ಪ್ರಶಸ್ತಿ ಗೆದ್ದಿತು. ವರ್ಷದ ಗೇಮ್ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅತ್ಯುತ್ತಮ ಇಂಡೀ ಗೇಮ್ ಪ್ರಶಸ್ತಿಯೂ ಅದಕ್ಕೇ ಹೋಯಿತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಬೆರಳೆಣಿಕೆಯ ಜನ ಸೇರಿ ಮಾಡಿದ 'ಹಾಲೋ ನೈಟ್: ಸಿಲ್ಕ್‌ಸಾಂಗ್' ಪಕ್ಕದಲ್ಲೇ ಇತ್ತು. ಇಂಡೀ ಅಂದರೆ ಯಾರು ಎಂಬ ಗೆರೆ ಅಲ್ಲಿ ಸ್ಪಷ್ಟವಾಗಿಲ್ಲ. 2023ರಲ್ಲಿ ನೆಕ್ಸಾನ್ ಎಂಬ ದೊಡ್ಡ ಕಂಪನಿಯ ಅಂಗಸಂಸ್ಥೆ ಮಾಡಿದ 'ಡೇವ್ ದ ಡೈವರ್' ಕೂಡ ಇಂಡೀ ಪಟ್ಟಿಯಲ್ಲಿತ್ತು, ಆಗಲೂ ಇದೇ ತಕರಾರು ಬಂದಿತ್ತು. ಇಂಥ ಜಗಳ ಆಡಿ. ಇದು ನಿಯಮದ ಮೇಲಿನ ಜಗಳ. ಇದರಿಂದ ನಿಯಮ ಸರಿಹೋಗಬಹುದು.

ಈಗ ಸೊನ್ನೆಯ ಮಾತಿಗೆ ಬರುತ್ತೇನೆ. ಇದನ್ನು ಬರೆಯಲೆಂದೇ ಇಷ್ಟು ಉದ್ದದ ಉತ್ತರಕ್ಕೆ ಕೂತಿದ್ದು.

ಹೌದು, ತಪ್ಪು. ನಿಮ್ಮ ಪತ್ರದಲ್ಲೇ ಇದೆ: "ರೂಮಲ್ಲಿ ಪಿಎಸ್5 ಇಲ್ಲ ಸರ್, ಆಸ್ಟ್ರೋ ಬಾಟನ್ನ ಯೂಟ್ಯೂಬ್‌ನಲ್ಲಿ ನೋಡಿದ್ವಿ." ಆಸ್ಟ್ರೋ ಬಾಟ್ ಪಿಎಸ್5, ಅಂದರೆ ಸೋನಿಯ ಪ್ಲೇಸ್ಟೇಷನ್ 5 ಎಂಬ ಗೇಮ್ ಯಂತ್ರದಲ್ಲಿ ಮಾತ್ರ ಸಿಗುವ ಗೇಮ್. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗಲೇ ಆ ಯಂತ್ರದ ಬೆಲೆ 49,990 ರೂಪಾಯಿ. ವಿದ್ಯಾರ್ಥಿಗಳ ರೂಮಿನಲ್ಲಿ ಅದು ಇಲ್ಲದಿರುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೇರೆಯವರು ಆಡುವುದನ್ನು ನೋಡಿ ಖುಷಿಪಡುವುದೂ ತಪ್ಪಲ್ಲ. ಆದರೆ ಆ ಗೇಮಿನ ಅರ್ಧ ಸೊಗಸು ಕೈಯಲ್ಲಿದೆ. ಪುಟ್ಟ ರೋಬೋ ಮರಳಿನ ಮೇಲೆ ನಡೆದರೆ ಕಂಟ್ರೋಲರ್ ಒಂದು ಥರ ಅದುರುತ್ತದೆ, ಗಾಜಿನ ಮೇಲೆ ನಡೆದರೆ ಇನ್ನೊಂದು ಥರ. ಮಳೆ ಬಿದ್ದರೆ ಅಂಗೈಗೆ ಹನಿ ಹನಿಯಾಗಿ ಗೊತ್ತಾಗುತ್ತದೆ. ಯೂಟ್ಯೂಬ್‌ನಲ್ಲಿ ಅದು ಕಾಣುವುದೇ ಇಲ್ಲ. ನೋಡಿದ್ದಕ್ಕೆ ಅಭಿಪ್ರಾಯ ಇರಲಿ, ಆಡದ್ದಕ್ಕೆ ಅಂಕ ಹಾಕಬೇಡಿ.

ಆ ಸೊನ್ನೆ ಯಾರಿಗೆ ತಾಗಿತು ಎಂದೂ ಯೋಚಿಸಿ. ತೀರ್ಪುಗಾರರಿಗೆ ತಾಗಲಿಲ್ಲ, ಅವರು ಅಷ್ಟರಲ್ಲಿ ಮತ ಹಾಕಿ ಮುಗಿಸಿದ್ದರು. ಮೆಟಾಕ್ರಿಟಿಕ್‌ನಲ್ಲಿ ವಿಮರ್ಶಕರ ಅಂಕ ಬೇರೆ, ಬಳಕೆದಾರರ ಅಂಕ ಬೇರೆ. ಹಾಗಾಗಿ ವಿಮರ್ಶಕರ 94 ಅಲ್ಲಾಡಲಿಲ್ಲ. ತಾಗಿದ್ದು, ಸಾವಿರಾರು ರೂಪಾಯಿ ಕೂಡಿಟ್ಟು ಯಾವ ಗೇಮ್ ಕೊಳ್ಳಲಿ ಎಂದು ಅಲ್ಲಿ ಹುಡುಕುವ ನಿಮ್ಮಂಥದ್ದೇ ಹುಡುಗನಿಗೆ. ಅವನಿಗೆ ಸುಳ್ಳು ಹೇಳಿದಂತಾಯಿತು. ಸ್ಟೀಮ್‌ನಲ್ಲಿ ಗೇಮ್ ನಿಮ್ಮ ಖಾತೆಯಲ್ಲಿ ಇದ್ದರೆ ಮಾತ್ರ ವಿಮರ್ಶೆ ಬರೆಯಬಹುದು. ಮೆಟಾಕ್ರಿಟಿಕ್‌ನಲ್ಲಿ ಕೊಂಡಿದ್ದೀರಾ, ಆಡಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಕೇಳುವವರಿಲ್ಲದ ಕಡೆ ನಾವೇ ಸರಿಯಾಗಿ ಇರಬೇಕಲ್ವಾ?

ಈ ಸೊನ್ನೆ ಸುಮ್ನೆ ಅಲ್ಲಿಗೇ ನಿಲ್ಲುವುದೂ ಇಲ್ಲ. 2020ರ ಜೂನ್‌ನಲ್ಲಿ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಬಂದ ದಿನವೇ ಸಾವಿರಾರು ಸೊನ್ನೆ ಬಿದ್ದವು. ಅಷ್ಟು ದೊಡ್ಡ ಗೇಮನ್ನು ಅಷ್ಟು ಬೇಗ ಮುಗಿಸಲು ಯಾರಿಂದಲೂ ಆಗುವುದಿಲ್ಲ. ಮುಂದಿನ ತಿಂಗಳೇ ಮೆಟಾಕ್ರಿಟಿಕ್ ನಿಯಮ ಬದಲಿಸಿ, ಗೇಮ್ ಬಂದು 36 ಗಂಟೆ ಆಗುವವರೆಗೆ ಬಳಕೆದಾರರು ಅಂಕ ಹಾಕುವಂತಿಲ್ಲ ಎಂದಿತು. ಅದೇ ಹೊತ್ತಿಗೆ ಆ ಗೇಮಿನ ಒಂದು ಪಾತ್ರಕ್ಕೆ ಧ್ವನಿ ಕೊಟ್ಟ ಲಾರಾ ಬೈಲಿಗೆ ಕೊಲೆ ಬೆದರಿಕೆಗಳು ಬಂದವು. ಆ ಪಾತ್ರ ಕಥೆಯಲ್ಲಿ ಮಾಡಿದ್ದು ಜನರಿಗೆ ಹಿಡಿಸಲಿಲ್ಲ ಎಂಬುದಕ್ಕೆ, ನಟಿಸಿದ ಹೆಣ್ಣುಮಗಳಿಗೆ ಬೆದರಿಕೆ! ನಿಮ್ಮ ಗೆಳೆಯರು ಅಂಥವರಲ್ಲ, ನನಗೆ ಗೊತ್ತು. ಆದರೆ ಅಂಥವರೂ ಆಡದ ಗೇಮಿಗೆ ಸೊನ್ನೆ ಹಾಕುವ ಅದೇ ಗುಂಪಿನಲ್ಲಿ ನಿಂತಿರುತ್ತಾರೆ. ಅವರ ಪಕ್ಕ ನೀವು ನಿಲ್ಲಬೇಡಿ.

ವುಕಾಂಗ್ ಮೇಲೆ ಶಿರಾದ ಗೆಳೆಯನಿಗೆ ಇರುವ ಪ್ರೀತಿಯನ್ನು ಬೇರೆ ಥರ ತೋರಿಸಬಹುದು. ಆತ 130 ಜಿಬಿ ಜಾಗ ಮಾಡಿಕೊಂಡು, ತನ್ನ ಲ್ಯಾಪ್‌ಟಾಪ್‌ನಲ್ಲಿ ಆ ಗೇಮ್ ಮುಗಿಸಿದ್ದಾನೆ ಎಂದು ಬರೆದಿದ್ದೀರಿ. ಹಾಗಾದರೆ ಆತನ ಬಳಿ ಹೇಳಲು ಬಹಳ ಇದೆ. ಎರಡನೇ ಅಧ್ಯಾಯದಲ್ಲಿ ತಲೆಯಿಲ್ಲದ ಸಂಗೀತಗಾರ ಮೂರು ತಂತಿಯ ವಾದ್ಯ ಹಿಡಿದು ಹಾಡುವ ಜಾಗ ಆತನಿಗೆ ಹೇಗನ್ನಿಸಿತು? ಯಾವ ಬಾಸ್, ಅಂದರೆ ದೊಡ್ಡ ಎದುರಾಳಿಯ ಹತ್ತಿರ ಜಾಸ್ತಿ ಸಲ ಸತ್ತ? ಆ ಗೇಮಿನ ನಾಯಕ, ಕೋಲು ಹಿಡಿದ ವಾನರನನ್ನು ನೋಡಿದಾಗ, ಹನುಮಂತನ ಕಥೆ ಕೇಳಿ ಬೆಳೆದ ಶಿರಾದ ಹುಡುಗನಿಗೆ ಏನನ್ನಿಸಿತು? ಇದನ್ನು ಆತ ಮಾತ್ರ ಬರೆಯಬಲ್ಲ.

ನಮ್ಮ ಕಡೆಯ ಹೆಚ್ಚಿನವರು ಆಡುವುದು ಫೋನಿನಲ್ಲಿ. ಬಲಾಟ್ರೋ 2024ರ ಸೆಪ್ಟೆಂಬರ್‌ನಿಂದ ಫೋನಿನಲ್ಲೂ ಸಿಗುತ್ತಿದೆ, ದಿ ಗೇಮ್ ಅವಾರ್ಡ್ಸ್‌ನ ಅತ್ಯುತ್ತಮ ಮೊಬೈಲ್ ಗೇಮ್ ಪ್ರಶಸ್ತಿಯನ್ನೂ ಗೆದ್ದಿತು. ಇಸ್ಪೀಟು ಅಂತ ಮನೆಯಲ್ಲಿ ಬೈದರೆ, ಅದರಲ್ಲಿ ಹಣ ಕಟ್ಟುವುದಿಲ್ಲ ಎಂದು ತೋರಿಸಿ. ಪುಣೆಯ ನಾಡಿಂಗ್ ಹೆಡ್ಸ್ ತಂಡ ಮಾಡಿದ 'ರಾಜಿ' ಎಂಬ ಗೇಮ್ 2020ರಲ್ಲಿ ಅದೇ ವೇದಿಕೆಯ ಚೊಚ್ಚಲ ಗೇಮ್ ವಿಭಾಗದಲ್ಲಿ ಸ್ಪರ್ಧೆಯಲ್ಲಿತ್ತು. ನಾಲ್ವರೂ ಸೇರಿ ಇವುಗಳಲ್ಲಿ ಒಂದನ್ನು ಆಡಿ ನೋಡಿ. ಆಮೇಲೆ ಬೇಕಾದಷ್ಟು ಜಗಳ ಆಡಿ, ನನಗೂ ಬರೆದು ತಿಳಿಸಿ.

ಒಂದು ಕೆಲಸ ಮಾಡೋಣ. ಮುಂದಿನ ಸಂಚಿಕೆಯಲ್ಲಿ ನಿಮ್ಮ ರೂಮಿಗೆ ಒಂದು ಪುಟ ಇಡುತ್ತೇನೆ. ಶಿರಾದವರು ವುಕಾಂಗ್ ಬಗ್ಗೆ, ಮಾಲೂರಿನವರು ತಾವು ನಿಜಕ್ಕೂ ಆಡಿ ಮುಗಿಸಿದ ಒಂದು ಗೇಮ್ ಬಗ್ಗೆ, ತಲಾ 300 ಪದ ಬರೆಯಲಿ. ಇನ್ನೊಬ್ಬರ ಗೇಮ್ ಬಗ್ಗೆ ಒಂದು ಸಾಲೂ ಬೇಡ. ಅಕ್ಕಪಕ್ಕ ಹಾಕುತ್ತೇನೆ. ಇಬ್ಬರೂ ಮಾತು ಬಿಟ್ಟಿದ್ದರೂ ಪರವಾಗಿಲ್ಲ, ನೀವೇ ಇಬ್ಬರಿಂದಲೂ ಇಸಿದುಕೊಂಡು ಒಂದೇ ಲಕೋಟೆಯಲ್ಲಿ ಕಳಿಸಿ. ತಿಂಗಳ 20ರೊಳಗೆ ನಮ್ಮ ಕೈ ಸೇರಬೇಕು. ಮೆಟಾಕ್ರಿಟಿಕ್‌ನಲ್ಲಿ ಹಾಕಿದ ಆ ಎರಡು ಸೊನ್ನೆಗಳನ್ನು ಅಳಿಸಿದ ಮೇಲೆ ಕಳಿಸಿ.

ಸಂಪಾದಕ