ಎರಡೂ ಭುಜ ಯಾಕೆ ನೋಯುತ್ತಿದೆ?

ನಮಸ್ಕಾರ ಸರ್. ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ದುಡಿದ ನಿಮ್ಮ ತಂದೆಯವರಿಗೆ ಬಲಭುಜದ ರೊಟೇಟರ್ ಕಫ್ (ಭುಜದ ಕೀಲನ್ನು ಸುತ್ತಿ ಹಿಡಿಯುವ ಸ್ನಾಯು, ನಾರುಗಳು) ಹರಿದಿದೆ, ಈಗ ಎಡಭುಜವೂ ನೋಯುತ್ತಿದೆ, ಎಡಗೈ ಮೇಲೆ ಭಾರ ಬಿದ್ದದ್ದಕ್ಕೇನಾ ಅಂತ ಕೇಳಿದ್ದೀರಿ. ಅದೊಂದೇ ಇರಲಿಕ್ಕಿಲ್ಲ.

ದೊಡ್ಡ ಕಾರಣ ವಯಸ್ಸು. ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು ಎರಡೂ ಕಡೆ ಸವೆಯುತ್ತದೆ. 2006ರ ಒಂದು ಅಧ್ಯಯನದಲ್ಲಿ, ಒಂದು ಭುಜದ ಈ ನಾರು ಪೂರ್ತಿ ಹರಿದು ನೋಯುತ್ತಿದ್ದವರಲ್ಲಿ 66 ವರ್ಷ ದಾಟಿದವರಿಗೆ ಇನ್ನೊಂದು ಭುಜದ್ದೂ ಹರಿದಿರುವ ಸಾಧ್ಯತೆ ಸುಮಾರು ಶೇ. 50 ಇತ್ತು. ಕೆಲವರಿಗೆ ಹರಿದದ್ದೇ ಗೊತ್ತಾಗುವುದಿಲ್ಲ, ನೋವೇ ಇರುವುದಿಲ್ಲ.

ಇನ್ನು ತೋಟದ ಕೆಲಸ. ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮಾಡುವಾಗ ಹಂದರದ ಕೆಳಗೆ ನಿಂತು, ಕತ್ತು ಎತ್ತಿ, ಎರಡೂ ಕೈ ತಲೆಯ ಮೇಲೆ. ಒಂದು ಕೈ ಬಳ್ಳಿ ಹಿಡಿದರೆ ಇನ್ನೊಂದರಲ್ಲಿ ಕತ್ತರಿ. ಹೀಗೆ ವರ್ಷಗಟ್ಟಲೆ ದುಡಿದರೆ ಎರಡೂ ಭುಜಕ್ಕೆ ಪೆಟ್ಟೇ ಅಲ್ವಾ? ಅದರ ಜೊತೆ ಬೀಡಿ, ಸಿಗರೇಟು, ಶುಗರ್, ಜಾಸ್ತಿ ಕೊಲೆಸ್ಟ್ರಾಲ್ ಇದ್ದರೆ ಅಪಾಯ ಇನ್ನೂ ಹೆಚ್ಚು. ಮನೆಯಲ್ಲಿ ಬೇರೆ ಯಾರಿಗಾದರೂ ಇದು ಆಗಿತ್ತಾ ಅಂತಲೂ ವಿಚಾರಿಸಿ.

ಶುಗರ್ ಇದ್ದರೆ ಒಂದು ಗಮನಿಸಿ. ಅವರು ಕೈ ಸಡಿಲ ಬಿಡಲಿ, ನೀವು ಮೆಲ್ಲಗೆ ಎತ್ತಿ ನೋಡಿ. ನೀವು ಎತ್ತಿದರೂ ಮೇಲೇಳದೆ ಬಿಗಿ ಹಿಡಿದರೆ ಅದು ಫ್ರೋಜನ್ ಶೋಲ್ಡರ್ (ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ) ಇರಬಹುದು, ಚಿಕಿತ್ಸೆಯೇ ಬೇರೆ. ಸುಮ್ನೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಮೂಳೆ ಡಾಕ್ಟರ ಹತ್ತಿರ ಎಡಭುಜಕ್ಕೂ ಅಲ್ಟ್ರಾಸೌಂಡ್ ಬೇಕಾ ಅಂತ ಕೇಳಿ.