ಕಲಿಸಿದ ಶಾಲೆಗೇ ಸಂಶೋಧನೆಗೆಂದು ಮರಳಬೇಡಿ

ಭೂತಾನಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿಸಿ ಬಂದಿರುವ ತಾವು, ಭಾಷಾ ಶಿಕ್ಷಣದ ಸಂಶೋಧನೆಗೆ ಮತ್ತೆ ಅಲ್ಲಿಗೇ ಹೋಗಬೇಕೋ, ಚಿಂತಾಮಣಿಯಲ್ಲಿದ್ದುಕೊಂಡೇ ಪಿಎಚ್.ಡಿ. ಮಾಡಬೇಕೋ ಎಂದು ಕೇಳಿದ್ದೀರಿ. ಹಳೆಯ ಶಾಲೆಯ ಪರಿಚಯ ಇರುವುದರಿಂದ ಕೆಲಸ ಸುಲಭವಾದೀತು ಎಂದೂ ಬರೆದಿದ್ದೀರಿ. ನನ್ನ ಅರ್ಜಿಯಲ್ಲಿಯೂ ಇದೇ ವಾಕ್ಯವಿತ್ತು.

ನಾನು ಮುಳಬಾಗಿಲು ತಾಲ್ಲೂಕಿನ ನಂಗಲಿ ಕಡೆಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಐದನೇ ತರಗತಿಯಿಂದ ಇಂಗ್ಲಿಷ್. ಪೂರ್ವ ಭೂತಾನಿನ ತ್ರಾಶಿಗಾಂಗ್ ಜಿಲ್ಲೆಯ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಹೋದಾಗ ಅಲ್ಲಿಯೂ ಅದೇ ಕಥೆ ಕಂಡಿತು: ಪಾಠವೆಲ್ಲ ಇಂಗ್ಲಿಷಿನಲ್ಲಿ, ರಾಷ್ಟ್ರಭಾಷೆಯಾದ ಜೋಂಗ್ಖಾ ಒಂದು ವಿಷಯವಾಗಿ, ಗಂಟೆ ಹೊಡೆದು ಹೊರಗೆ ಬಂದೊಡನೆ ಆ ಕಡೆಯ ಮನೆಮಾತಾದ ತ್ಶಾಂಗ್ಲಾ. ಸಂತೆಗೆ ಹೋದೆ ಎನ್ನಲು ಒಬ್ಬ ಹುಡುಗಿ ‘ಐ ಮಾರ್ಕೆಟ್ ವೆಂಟ್’ ಎಂದು ಬರೆದಿದ್ದಳು. ಕನ್ನಡ, ತೆಲುಗುಗಳಂತೆ ತ್ಶಾಂಗ್ಲಾದಲ್ಲಿಯೂ ಕ್ರಿಯಾಪದ ಕೊನೆಗೆ ಬರುವುದರಿಂದ, ಚಿಕ್ಕಂದಿನಲ್ಲಿ ನಾನು ಬರೆಯುತ್ತಿದ್ದದ್ದೂ ಹಾಗೆಯೇ. ಸಂಶೋಧನೆಯ ಆಸೆ ಹುಟ್ಟಿದ್ದು ಆ ಸಾಲಿನಿಂದ.

ಊರಿಗೆ ಮರಳುವಾಗ ಮಕ್ಕಳು ಬರೆದು ಮುಗಿಸಿದ 43 ನೋಟ್‌ಬುಕ್ಕುಗಳನ್ನು ಅಕ್ಕಿ ಚೀಲದಲ್ಲಿ ತುಂಬಿ ತಂದು ಅಟ್ಟದ ಮೇಲಿಟ್ಟೆ. ನಾಲ್ಕು ವರ್ಷಗಳ ನಂತರ ಸಂಶೋಧನೆಗೆ ನೋಂದಾಯಿಸಿಕೊಂಡಾಗ ಇಡೀ ಪ್ರಸ್ತಾವವನ್ನು ಆ ಚೀಲದ ಮೇಲೆ ಕಟ್ಟಿದೆ. ನನಗೆ ಹದಿನಾಲ್ಕು ತಿಂಗಳು ನಷ್ಟವಾದದ್ದು ಇದರಿಂದಲೇ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಕ್ಕಳು ಆ ನೋಟ್‌ಬುಕ್ಕುಗಳನ್ನು ಕೊಟ್ಟಿದ್ದು ಮೇಷ್ಟ್ರಿಗೇ ಹೊರತು ಸಂಶೋಧಕನಿಗಲ್ಲ, ಪೋಷಕರ ಒಪ್ಪಿಗೆ ಎಲ್ಲಿ ಎಂದು, ಸಂಶೋಧನೆ ನ್ಯಾಯವಾಗಿ ನಡೆಯುವುದೇ ಎಂದು ಪರಿಶೀಲಿಸುವ ನೈತಿಕ ಸಮಿತಿ ಕೇಳಿತು. ಆ ಪತ್ರದ ಧಾಟಿ ನನಗೆ ಈಗಲೂ ಹಿಡಿಸುವುದಿಲ್ಲ, ಆದರೆ ಮಾತು ಸರಿಯಾಗಿತ್ತು. ಒಪ್ಪಿಗೆ ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲವೆಂಬುದು ಚೀಲ ಬಿಚ್ಚಿ ಕುಳಿತಾಗ ತಿಳಿಯಿತು. ಯಾವ ಮಗುವಿನ ಮನೆಯಲ್ಲಿ ತ್ಶಾಂಗ್ಲಾ, ಯಾವುದರಲ್ಲಿ ನೇಪಾಳಿ ಎಂದು ನಾನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ನನ್ನ ಕೆಂಪು ಪೆನ್ನು. ತಪ್ಪಿನ ಕೆಳಗೆ ಗೆರೆ ಎಳೆದು ಬಿಟ್ಟಿದ್ದರೆ ಸಾಕಾಗಿತ್ತು; ನಾನು ಮಗುವಿನ ಅಕ್ಷರದ ಮೇಲೆಯೇ ಒತ್ತಿ ತಿದ್ದುತ್ತಿದ್ದೆ. ಪೆನ್ಸಿಲಿನಲ್ಲಿ ಬರೆದಿದ್ದ ಕಡೆಗಳಲ್ಲಂತೂ ರಬ್ಬರಿನಿಂದ ಅಳಿಸಿ ಸರಿಯಾದದ್ದನ್ನು ಬರೆಯಿಸಿದ್ದೆ. ‘ಮಾರ್ಕೆಟ್ ವೆಂಟ್’ ಇದ್ದ ಪುಟದಲ್ಲಿ ಈಗ ಇರುವುದು ‘ಐ ವೆಂಟ್ ಟು ದ ಮಾರ್ಕೆಟ್’, ಅದರ ಪಕ್ಕದಲ್ಲಿ ನನ್ನದೇ ‘ಗುಡ್’. ನನಗೆ ಬೇಕಾಗಿದ್ದ ತಪ್ಪುಗಳನ್ನೆಲ್ಲ ನಾನೇ ಕುಳಿತು ಒರೆಸಿ ಹಾಕಿದ್ದೆ.

ಕೊನೆಗೆ ಹೊಸದಾಗಿ ಅನುಮತಿ ಪಡೆದು, ಗುವಾಹಾಟಿಯವರೆಗೆ ರೈಲಿನಲ್ಲಿ ಹೋಗಿ, ಸಮ್‌ದ್ರುಪ್ ಜೊಂಖಾರ್ ಗಡಿಯಿಂದ ಸುಮಾರು 180 ಕಿ.ಮೀ. ಘಟ್ಟದ ರಸ್ತೆ ಹತ್ತಿ ಅದೇ ಶಾಲೆ ತಲುಪಿದೆ. ತಾವು ಸುಲಭವೆಂದುಕೊಂಡಿರುವ ಪರಿಚಯ ಅಲ್ಲಿ ಕಾಡಿತು. ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಒಪ್ಪಿಗೆ ಪತ್ರವನ್ನು ಓದದೆ ರುಜು ಹಾಕಿ, ಸರ್ ಕೇಳಿದ ಮೇಲೆ ಓದುವುದೇನಿದೆ ಎಂದು ನಕ್ಕರು. ಅಂತಹ ರುಜುವನ್ನು ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿಯಲಾಗದೆ, ಪಕ್ಕದ ಕಣಿವೆಯಲ್ಲಿ ನನ್ನನ್ನು ಅರಿಯದ ಶಾಲೆಯೊಂದಕ್ಕೆ ಹೋಗಿ ಮೊದಲಿನಿಂದ ಶುರು ಮಾಡಿದೆ.

ಆದ್ದರಿಂದ ತಮ್ಮ ಹಳೆಯ ಶಾಲೆಯನ್ನು ಬಿಟ್ಟುಬಿಡಿ. ಭಾರತೀಯರಿಗೆ ವೀಸಾ ಬೇಡವೆಂಬ ಧೈರ್ಯದಲ್ಲಿ ಪ್ರವಾಸಿಯ ಪರವಾನಗಿ ಹಿಡಿದು ತರಗತಿಯಲ್ಲಿ ಕೂರಬಹುದೆಂದೂ ಎಣಿಸಬೇಡಿ. ಮಕ್ಕಳ ಮನೆಮಾತು ಕಲಿಯುವ ಮನಸ್ಸಿಲ್ಲದಿದ್ದರೆ ಹೋಗಲೇಬೇಡಿ. ಎರಡು ವರ್ಷ ಅಲ್ಲಿದ್ದೂ ನನಗೆ ತ್ಶಾಂಗ್ಲಾದ ಇಪ್ಪತ್ತು ಪದಗಳು ಬರುತ್ತಿರಲಿಲ್ಲ, ಅದಕ್ಕೆ ನೆಪವೇ ಇಲ್ಲ.

ಇಲ್ಲಿಯೋ ಅಲ್ಲಿಯೋ ಎಂಬ ಪ್ರಶ್ನೆಯನ್ನು ಈಗಲೇ ತೀರ್ಮಾನಿಸುವುದು ಬೇಡ. ಚಿಂತಾಮಣಿಯಿಂದ ಬಾಗೇಪಲ್ಲಿ ದೂರವೇನಲ್ಲ. ಅಲ್ಲಿ ತೆಲುಗು ಮನೆಮಾತಿನ ಮಕ್ಕಳು ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಬರೆಯುವುದನ್ನು, ಶಾಲೆಯ ಮತ್ತು ಪೋಷಕರ ಲಿಖಿತ ಒಪ್ಪಿಗೆ ಪಡೆದು, ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಪ್ರತಿ ಹಾಳೆಯ ಮೇಲೆ ದಿನಾಂಕ ಮತ್ತು ಮನೆಮಾತು ಬರೆದಿಟ್ಟುಕೊಳ್ಳಿ, ಮೇಷ್ಟ್ರು ತಿದ್ದುವ ಮೊದಲೇ ಫೋಟೊ ತೆಗೆದುಕೊಳ್ಳಿ. ಪ್ರಸ್ತಾವವನ್ನು ಅದಾದ ಮೇಲೆ ಬರೆಯಿರಿ.